ಹಳೆಯ ಮೇಜಿನ ಮೇಲೆ ಹೊಸ ಲೇಪನ ನಿಲ್ಲದಿದ್ದಾಗ: ಒಂದು ಪ್ರಕರಣ ಅಧ್ಯಯನ

ಬೇರೊಬ್ಬರು ಹಲವು ವರ್ಷ ಬಳಸಿ ಮಾರಿದ್ದ ತೇಗದ ಊಟದ ಮೇಜೊಂದಕ್ಕೆ ರಕ್ಷಣಾ ಲೇಪನ ಹಾಕಿದ ಪ್ರಕರಣ ಇದು. ಮೇಜನ್ನು ಕೊಂಡವರು ನಮ್ಮಲ್ಲಿಗೆ ತರುವ ಮೊದಲೇ ಸ್ವತಃ ಒಂದು ಪ್ರಯತ್ನ ಮಾಡಿದ್ದರು. ಮೇಲ್ಹಲಗೆಯನ್ನು ಸೋಪುನೀರಿನಲ್ಲಿ ಒರೆಸಿ, ಒಣಗಿಸಿ, ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ನೀರು ಆಧಾರಿತ ಪಾಲಿಯುರೆಥೇನ್ ವಾರ್ನಿಷನ್ನು ಒಂದು ಮೂಲೆಯಿಂದ ಹಚ್ಚತೊಡಗಿದ್ದರು. ಬ್ರಷ್ ಮುಂದೆ ಹೋದಂತೆಲ್ಲ ಹಿಂದೆ ಹಚ್ಚಿದ ಪದರ ಅಲ್ಲಲ್ಲಿ ಒಡೆದು, ಸಾಸಿವೆಯಷ್ಟರಿಂದ ಹಿಡಿದು ಬಟಾಣಿಯಷ್ಟರವರೆಗಿನ ದುಂಡನೆಯ ಕುಳಿಗಳಾಗಿ ಹಿಮ್ಮೆಟ್ಟಿತ್ತು. ಕುಳಿ ಬೀಳದೆ ಉಳಿದ ಭಾಗವೂ ಒಣಗಿದ ಮೇಲೆ ಉಗುರಿಗೆ ಸಿಕ್ಕಿ ಪೊರೆಯಂತೆ ಎದ್ದು ಬರುತ್ತಿತ್ತು. ಡಬ್ಬಿಯಲ್ಲಿದ್ದ ವಾರ್ನಿಷ್ ಕೆಟ್ಟದ್ದಿರಬೇಕು, ಅದಕ್ಕಿಂತ ಗಟ್ಟಿಯಾದದ್ದನ್ನು ಮೇಲೊಂದು ಕೋಟ್ ಹೊಡೆದರೆ ಸಾಲದೇ ಎಂಬುದು ಅವರ ಪ್ರಶ್ನೆಯಾಗಿತ್ತು.

ವಾರ್ನಿಷ್‌ನಲ್ಲಿ ದೋಷವಿರಲಿಲ್ಲ. ಅದೇ ಡಬ್ಬಿಯಿಂದ ಹೊಸ ತೇಗದ ತುಂಡೊಂದಕ್ಕೆ ಹಚ್ಚಿ ನೋಡಿದಾಗ ಪದರ ಸಮವಾಗಿ ಹರಡಿ ಗಟ್ಟಿಯಾಗಿ ಕೂತಿತು. ಆದ್ದರಿಂದ ತೊಡಕು ಇದ್ದದ್ದು ಮೇಜಿನ ಮೇಲೆ ಮೊದಲೇ ಕೂತಿದ್ದ ಪದರಗಳಲ್ಲಿ. ಹೊಸ ಮರಕ್ಕೆ ಲೇಪನ ಹಾಕುವಾಗ ಯಾವ ವಾರ್ನಿಷ್ ಒಳ್ಳೆಯದು ಎಂದು ಕೇಳಿದರೆ ಸಾಕಾದೀತು. ಬಳಸಿದ ಮೇಜಿನ ವಿಷಯದಲ್ಲಿ ಆ ಪ್ರಶ್ನೆಗೆ ಮುಂಚೆ, ಮೇಲೆ ಈಗಾಗಲೇ ಏನಿದೆ ಎಂಬುದು ಇತ್ಯರ್ಥವಾಗಬೇಕು. ಈ ಪ್ರಕರಣದಲ್ಲಿ ಹೆಚ್ಚಿನ ಶ್ರಮವೂ ಅದಕ್ಕೇ ಹೋಯಿತು, ಬರವಣಿಗೆಯ ಹೆಚ್ಚಿನ ಪಾಲೂ ಅದಕ್ಕೇ ಹೋಗುತ್ತದೆ.

ಮೇಜಿನ ಸ್ಥಿತಿ

ಮೇಲ್ಹಲಗೆ ಸುಮಾರು 150 ಸೆಂಟಿಮೀಟರ್ ಉದ್ದ, 90 ಸೆಂಟಿಮೀಟರ್ ಅಗಲದ್ದು. ಅದು ಇಡೀ ಮರವೋ, ಪ್ಲೈವುಡ್ ಮೇಲೆ ಅಂಟಿಸಿದ ವಿನೀರ್ ಎಂಬ ತೆಳು ಮರದ ಹಾಳೆಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಂಡೆವು. ಈಗಿನ ವಿನೀರ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಯಂತ್ರದಿಂದ ಉಜ್ಜುವವರ ಕೈ ಒಂದು ಕ್ಷಣ ತಡೆದರೂ ಅದು ಹರಿದು ಕೆಳಗಿನ ಮರ ಬಯಲಾಗುತ್ತದೆ, ಅದಕ್ಕೆ ಪರಿಹಾರವಿಲ್ಲ. ಮೇಲಿನ ಎಳೆಗಳು ತುದಿಯ ಅಂಚಿನಲ್ಲಿ ಕೆಳಕ್ಕೆ ಮುಂದುವರಿದು, ಅಲ್ಲಿ ಬೆಳವಣಿಗೆಯ ಉಂಗುರಗಳ ಕತ್ತರಿಸಿದ ಮುಖ ಕಾಣುತ್ತಿದ್ದುದರಿಂದ ಮೇಲ್ಹಲಗೆ ಇಡೀ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದೆಂದು ಸ್ಪಷ್ಟವಾಯಿತು. ಕೆಳಗಿನ ಚೌಕಟ್ಟಿನ ಅಡ್ಡಪಟ್ಟಿಗಳಿಗೆ ಮಾತ್ರ ವಿನೀರ್ ಇತ್ತು, ಹಾಗಾಗಿ ಅಲ್ಲಿ ಯಂತ್ರವನ್ನು ಮುಟ್ಟಿಸಲೇ ಇಲ್ಲ. ಕಾಲುಗಳಲ್ಲಿ ಹುಳು ಕೊರೆದ ರಂಧ್ರಗಳಾಗಲಿ, ಕೆಳಗೆ ಉದುರಿದ ಹೊಸ ಹಿಟ್ಟಾಗಲಿ ಕಾಣಲಿಲ್ಲ. ಒಂದು ಕಾಲು ಅಲುಗಾಡುತ್ತಿದ್ದದ್ದು ಬೋಲ್ಟ್ ಬಿಗಿಮಾಡಿದಾಗ ಸರಿಹೋಯಿತು.

ಮೇಲ್ಮೈಯ ಗುರುತುಗಳು ಹೆಚ್ಚು ವಿಷಯ ಹೇಳುತ್ತಿದ್ದವು. ನಡುಭಾಗದಲ್ಲಿ ಲೋಟದ ತಳದ ಅಳತೆಯ ಬಿಳಿ ಉಂಗುರಗಳಿದ್ದವು. ಕೂತವರ ಮುಂಗೈ ಸದಾ ತಾಗುವ ಅಂಚುಗಳಲ್ಲಿ ಪದರ ಮೆತ್ತಗಾಗಿ, ಬೆರಳಿಟ್ಟರೆ ಸ್ವಲ್ಪ ಅಂಟುತ್ತಿತ್ತು. ಒಂದು ಮೂಲೆಯ ಬಳಿ ಕಪ್ಪು ಉಂಗುರ, ಅದರ ಪಕ್ಕದಲ್ಲೇ ಎಣ್ಣೆ ಇಳಿದಂತಹ ಮಬ್ಬಾದ ಕಲೆ. ಬಿಳಿ ಉಂಗುರವೆಂದರೆ ತೇವ ಅಥವಾ ಬಿಸಿ ಲೇಪನದೊಳಗೇ ನಿಂತಿದೆ, ಮರವನ್ನು ಮುಟ್ಟಿಲ್ಲ. ಕಪ್ಪು ಉಂಗುರವೆಂದರೆ ನೀರು ಲೇಪನವನ್ನು ದಾಟಿ ಮರಕ್ಕೆ ಇಳಿದು, ಕಬ್ಬಿಣವೂ ಮರದಲ್ಲಿ ಸಹಜವಾಗಿರುವ ಟ್ಯಾನಿನ್ ಎಂಬ ಒಗರು ಪದಾರ್ಥವೂ ಕೂಡಿ ಬಣ್ಣ ಕಟ್ಟಿದೆ. ಇವೆರಡನ್ನೂ ಒಂದೇ ಬಗೆಯ ಕಲೆಯೆಂದು ತಿಳಿದು ಉಜ್ಜುತ್ತ ಹೋದರೆ ಮೊದಲನೆಯದಕ್ಕೆ ಬೇಡದಷ್ಟು ಮರ ಸವೆಯುತ್ತದೆ, ಎರಡನೆಯದು ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಹಳೆಯ ಲೇಪನದ ಪತ್ತೆ

ಪರೀಕ್ಷೆಗೆ ಮೇಲ್ಹಲಗೆಯ ಕೆಳಭಾಗ ಒದಗಲಿಲ್ಲ. ಅಲ್ಲಿ ಲೇಪನವನ್ನೇ ಹಾಕಿರಲಿಲ್ಲ. ಕಾಲಿನ ಒಳಮೈಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಮೊದಲು ಟರ್ಪೆಂಟೈನ್ ತೋಯಿಸಿದ ಬಟ್ಟೆಯಿಂದ ಒರೆಸಿ ಮೇಣವನ್ನು ತೆಗೆದೆವು. ಬಳಿಕ ಪಾಲಿಶ್ ಕೆಲಸಕ್ಕೆ ಬಳಸುವ ಸ್ಪಿರಿಟ್‌ನ ಒಂದು ಹನಿಯನ್ನು ಹತ್ತಿಯ ತುದಿಯಿಂದ ಇಟ್ಟು ಕಾದೆವು. ಸ್ವಲ್ಪ ಹೊತ್ತಿನಲ್ಲೇ ಆ ಜಾಗ ಜಿಗುಟಾಗಿ, ಹತ್ತಿಗೆ ಜೇನಿನ ಬಣ್ಣದ ದ್ರವ ಹತ್ತಿಕೊಂಡಿತು. ಸ್ಪಿರಿಟ್‌ಗೆ ಹೀಗೆ ಕರಗಿದ್ದರಿಂದ ಹಳೆಯ ಪದರ ಅರಗಿನ ಪಾಲಿಶ್ ಎಂದು ತೀರ್ಮಾನಿಸಿದೆವು. ಈ ಪರೀಕ್ಷೆಯಲ್ಲಿ ಕ್ರಮ ಮುಖ್ಯ: ಸ್ಪಿರಿಟ್‌ಗೆ ಜಗ್ಗದಿದ್ದರೆ ಮಾತ್ರ ಲ್ಯಾಕರ್ ಥಿನ್ನರ್ ಹಾಕಬೇಕು, ಅದಕ್ಕೆ ಕರಗಿದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂದು ಊಹಿಸಬಹುದು, ಎರಡಕ್ಕೂ ಜಗ್ಗದಿದ್ದರೆ ಪಾಲಿಯುರೆಥೇನ್ ಅಥವಾ ಮೆಲಮೈನ್‌ನಂತಹ ರಾಸಾಯನಿಕವಾಗಿ ಗಟ್ಟಿಯಾದ ಪದರ. ಥಿನ್ನರ್ ಅರಗನ್ನೂ ಮೆತ್ತಗೆ ಮಾಡಬಲ್ಲದು, ಆದ್ದರಿಂದ ಅದನ್ನೇ ಮೊದಲು ಬಳಸಿದವರು ಅರಗನ್ನು ಲ್ಯಾಕರ್ ಎಂದುಕೊಳ್ಳುತ್ತಾರೆ.

ಅರಗು ಎಂದು ಗೊತ್ತಾದಾಗ ಉಳಿದ ಗುರುತುಗಳಿಗೂ ಕಾರಣ ಸಿಕ್ಕಿತು. ಅರಗಿನ ಪದರ 70 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಮೆತ್ತಗಾಗತೊಡಗುತ್ತದೆ, ನಿಂತ ನೀರಿಗೆ ಬಿಳುಚುತ್ತದೆ, ಕ್ಷಾರಯುಕ್ತ ಸೋಪಿಗೆ ಸವೆಯುತ್ತದೆ, ಕೈಗೆ ಹಚ್ಚುವ ಸ್ಯಾನಿಟೈಸರ್ ಬಿದ್ದರೆ ಅದರಲ್ಲಿನ ಆಲ್ಕೋಹಾಲ್‌ಗೆ ಕರಗುತ್ತದೆ. ಆದರೂ ಅದನ್ನು ಕಳಪೆ ಎನ್ನಲಾಗದು. ಪೆಟ್ಟಿಗೆ, ಕನ್ನಡಿಯ ಚೌಕಟ್ಟು, ಪುಸ್ತಕದ ಕಪಾಟುಗಳಿಗೆ ಅದರಷ್ಟು ಅಂದದ, ಅದರಷ್ಟು ಸುಲಭವಾಗಿ ದುರಸ್ತಿಯಾಗುವ ಪಾಲಿಶ್ ಇನ್ನೊಂದನ್ನು ನಾನು ಕಂಡಿಲ್ಲ. ದಿನಕ್ಕೆ ಹಲವು ಸಲ ಒದ್ದೆ ಬಟ್ಟೆಯಲ್ಲಿ ಒರೆಸುವ ಊಟದ ಮೇಜಿಗೆ ಮಾತ್ರ ಅದು ತಕ್ಕದ್ದಲ್ಲ.

ಹೊಸ ಪದರ ಉಗುರಿಗೆ ಎದ್ದು ಬಂದದ್ದಕ್ಕೂ ಇಲ್ಲೇ ಉತ್ತರವಿತ್ತು. ಶುದ್ಧೀಕರಿಸದ ಅರಗಿನಲ್ಲಿ ಸಹಜವಾಗಿಯೇ ಶೇಕಡಾ 3ರಿಂದ 5ರಷ್ಟು ಮೇಣವಿರುತ್ತದೆ, ಮೇಣವಿರುವ ಅರಗಿನ ಮೇಲೆ ಪಾಲಿಯುರೆಥೇನ್ ಭದ್ರವಾಗಿ ಹಿಡಿಯುವುದಿಲ್ಲ. ಆದರೆ ಕುಳಿಗಳಿಗೆ ಮೇಣ ಕಾರಣವಲ್ಲ. ಅಂತಹ ದುಂಡನೆಯ, ಅಂಚು ಉಬ್ಬಿದ ಕುಳಿಗಳು ಸಾಮಾನ್ಯವಾಗಿ ಸಿಲಿಕೋನ್‌ನ ಗುರುತು. ಹಿಂದಿನ ಮನೆಯವರು ಹೊಳಪಿಗಾಗಿ ಸಿಂಪಡಿಸುವ ಫರ್ನಿಚರ್ ಪಾಲಿಶ್ ಬಳಸುತ್ತಿದ್ದರೆಂದು ವಿಚಾರಿಸಿದಾಗ ತಿಳಿಯಿತು. ಅಂತಹ ಹಲವು ಪಾಲಿಶ್‌ಗಳಲ್ಲಿರುವ ಸಿಲಿಕೋನ್ ಎಣ್ಣೆಯ ಮೇಲ್ಮೈ ಸೆಳೆತ ತೀರಾ ಕಡಿಮೆಯಾದುದರಿಂದ, ಅದು ಇದ್ದ ಕಡೆ ವಾರ್ನಿಷ್ ಹರಡದೆ ಸುತ್ತಲೂ ಸರಿದು ನಿಲ್ಲುತ್ತದೆ. ಅದು ಲೇಪನದ ಬಿರುಕುಗಳ ಮೂಲಕ ಮರದ ರಂಧ್ರಗಳಿಗೂ ಇಳಿದಿರುತ್ತದೆ. ಸೋಪುನೀರಿಗೆ ಅದು ಪೂರ್ತಿ ಹೋಗುವುದಿಲ್ಲ; ಉಪ್ಪುಕಾಗದದಿಂದ ಉಜ್ಜಿದರಂತೂ ಇನ್ನಷ್ಟು ಹರಡುತ್ತದೆ. ಮೇಲೊಂದು ಗಟ್ಟಿ ಕೋಟ್ ಹೊಡೆಯುವುದರಿಂದ ಪ್ರಯೋಜನವಿರದಿದ್ದುದು ಈ ಎರಡು ಕಾರಣಗಳಿಂದ.

ಯಾವ ಲೇಪನ

ಕೊಂಡವರಿಗೆ ಮೊದಲು ಎಣ್ಣೆಯ ಲೇಪನದತ್ತ ಒಲವಿತ್ತು. ಅಗಸೆ ಎಣ್ಣೆ, ಟಂಗ್ ಎಣ್ಣೆಗಳು ಗಾಳಿಯ ಆಮ್ಲಜನಕವನ್ನು ಹೀರಿ ಮರದೊಳಗೇ ಗಟ್ಟಿಯಾಗುವಂಥವು. ಮರ ಮರದಂತೆಯೇ ಕಾಣುತ್ತದೆ, ಗೀರು ಬಿದ್ದ ಕಡೆಗಷ್ಟೇ ಮತ್ತೆ ಹಚ್ಚಿದರೆ ಸರಿಹೋಗುತ್ತದೆ. ಆದರೆ ಮೇಲೆ ದಪ್ಪ ಪದರ ನಿಲ್ಲದ ಕಾರಣ ಬಿದ್ದ ನೀರನ್ನು ಬೇಗ ಒರೆಸಬೇಕು, ಆಗಾಗ ಮತ್ತೆ ಹಚ್ಚುತ್ತಿರಬೇಕು. ಚಿಕ್ಕ ಮಕ್ಕಳಿರುವ ಆ ಮನೆಯಲ್ಲಿ ಎರಡೂ ನಡೆಯುವ ಮಾತಲ್ಲವೆಂದು ಅವರೇ ಒಪ್ಪಿದರು. ಮೆಲಮೈನ್ ಪದರ ಗಟ್ಟಿ ಹೌದು, ಆದರೆ ಅದು ಆಮ್ಲದ ನೆರವಿನಿಂದ ಗಟ್ಟಿಯಾಗುವಾಗ ಫಾರ್ಮಾಲ್ಡಿಹೈಡ್ ಹೊರಬರುತ್ತದೆ; ವಾಸವಿರುವ ಮನೆಯ ಕೋಣೆಯಲ್ಲಿ ಅದನ್ನು ಬಳಸಲು ನಾನು ಸಲಹೆ ನೀಡುವುದಿಲ್ಲ. ಉಳಿದದ್ದು ಪಾಲಿಯುರೆಥೇನ್. ನೀರು ಆಧಾರಿತವಾದದ್ದು ಬೇಗ ಒಣಗುತ್ತದೆ, ವಾಸನೆ ಕಡಿಮೆ, ಹಳದಿಗೆ ತಿರುಗುವುದೂ ಕಡಿಮೆ. ಎಣ್ಣೆ ಆಧಾರಿತವಾದದ್ದು ನಿಧಾನವಾಗಿ ಒಣಗುವುದರಿಂದ ಬ್ರಷ್‌ನ ಗೆರೆಗಳು ತಾವೇ ಸಮನಾಗಲು ಸಮಯ ಸಿಗುತ್ತದೆ, ಬರಬರುತ್ತ ಜೇನಿನ ಬಣ್ಣ ಪಡೆಯುತ್ತದೆ. ತೇಗಕ್ಕೆ ಆ ಬಣ್ಣ ಒಪ್ಪುತ್ತದೆ, ಬಿಸಿಯನ್ನೂ ಅದು ಅರಗಿಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ ಎಂಬ ಕಾರಣಕ್ಕೆ ಎಣ್ಣೆ ಆಧಾರಿತವನ್ನೇ, ಅದರಲ್ಲೂ ಕಡಿಮೆ ಹೊಳಪಿನ ಸ್ಯಾಟಿನ್ ಬಗೆಯನ್ನು ಆರಿಸಿಕೊಂಡೆವು. ಕನ್ನಡಿಯಂತೆ ಹೊಳೆಯುವ ಊಟದ ಮೇಜು ಮೊದಲ ವಾರ ಮಾತ್ರ ಚೆಂದ; ಆಮೇಲೆ ಪ್ರತಿಯೊಂದು ಗೀರೂ ಎದ್ದು ಕಾಣುತ್ತದೆ.

ತೆಗೆಯುವ ಕೆಲಸ

ಮೊದಲು ಅರೆಬರೆ ಹಿಡಿದಿದ್ದ ಹೊಸ ಪೊರೆಯನ್ನು ಚಪ್ಪಟೆ ಉಕ್ಕಿನ ಕೆರೆಯುವ ತಗಡಿನಿಂದ ಎಬ್ಬಿಸಿದೆವು. ಬಳಿಕ ಅರಗಿನ ಸರದಿ. ಯಂತ್ರದಿಂದ ಉಜ್ಜಿದರೆ ಬಿಸಿಗೆ ಅರಗು ಕರಗಿ ಉಪ್ಪುಕಾಗದಕ್ಕೆ ಮೆತ್ತಿಕೊಳ್ಳುತ್ತದೆ, ಕಾಗದ ವ್ಯರ್ಥ, ಸಿಲಿಕೋನ್ ಇನ್ನಷ್ಟು ಒಳಕ್ಕೆ. ಪದರ ಯಾವುದೆಂದು ಗೊತ್ತಿದ್ದುದರಿಂದ ಯಂತ್ರವೂ ಬೇಕಾಗಲಿಲ್ಲ, ತೀಕ್ಷ್ಣವಾದ ಪೇಂಟ್ ರಿಮೂವರೂ ಬೇಕಾಗಲಿಲ್ಲ. ಎರಡು ಅಂಗೈ ಅಗಲದಷ್ಟು ಜಾಗದ ಮೇಲೆ ಸ್ಪಿರಿಟ್‌ನಲ್ಲಿ ತೋಯಿಸಿದ ಹತ್ತಿಬಟ್ಟೆ ಹಾಸಿ, ಅದು ಆರದಂತೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಕೆಲವು ನಿಮಿಷ ಬಿಟ್ಟು ತೆಗೆದಾಗ ಅರಗು ಬೆಲ್ಲದ ಪಾಕದ ಹದಕ್ಕೆ ಬಂದಿರುತ್ತಿತ್ತು. ಅದನ್ನು ಎಳೆಯ ಗುಂಟ ಕೆರೆದು, ಚಿಂದಿಗೆ ಒರೆಸಿಕೊಂಡು, ಪಕ್ಕದ ಜಾಗಕ್ಕೆ ಸರಿಯುವುದು. ಸ್ಪಿರಿಟ್‌ನ ಆವಿಗೆ ಸುಲಭವಾಗಿ ಬೆಂಕಿ ಹತ್ತುವುದರಿಂದ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಹತ್ತಿರದಲ್ಲಿ ಉರಿಯಾಗಲಿ ಕಿಡಿ ಹಾರಿಸುವ ಯಂತ್ರವಾಗಲಿ ಇಲ್ಲದಂತೆ ನೋಡಿಕೊಂಡೆವು.

ಅರಗು ಹೋದ ಮೇಲೆ ಸಿಲಿಕೋನ್‌ಗಾಗಿ ಟರ್ಪೆಂಟೈನ್‌ನಲ್ಲಿ ಇಡೀ ಮೇಲ್ಮೈಯನ್ನು ಹಲವು ಬಾರಿ ಒರೆಸಿದೆವು. ಇಲ್ಲಿ ಎಷ್ಟು ಸಲ ಒರೆಸಿದಿರಿ ಎನ್ನುವುದಕ್ಕಿಂತ ಬಟ್ಟೆ ಬದಲಿಸಿದಿರಾ ಎನ್ನುವುದು ಮುಖ್ಯ, ಏಕೆಂದರೆ ಒಂದೇ ಬಟ್ಟೆಯಲ್ಲಿ ಒರೆಸುತ್ತ ಹೋದರೆ ಸಿಲಿಕೋನ್ ಈ ತುದಿಯಿಂದ ಆ ತುದಿಗೆ ಪ್ರಯಾಣ ಮಾಡುತ್ತದೆಯೇ ಹೊರತು ಮೇಜು ಬಿಟ್ಟು ಹೋಗುವುದಿಲ್ಲ.

ಕಪ್ಪು ಉಂಗುರಕ್ಕೆ ಆಕ್ಸಾಲಿಕ್ ಆಮ್ಲ ಬಳಸಿದೆವು. ಬಿಸಿನೀರಿನಲ್ಲಿ ಕರಗಿಸಿದ ದ್ರಾವಣವನ್ನು ಉಂಗುರದ ಮೇಲಷ್ಟೇ ಹಚ್ಚಿದರೆ ಆ ಜಾಗ ಮಾತ್ರ ಬಿಳಿಚಿಕೊಂಡು ಹೊಸದೊಂದು ಮಚ್ಚೆಯಾಗುತ್ತದೆ. ಅದಕ್ಕಾಗಿ ಇಡೀ ಮೇಲ್ಹಲಗೆಗೆ ಒಂದೇ ಸಮನೆ ಹಚ್ಚಿ, ಉಂಗುರದ ಮೇಲೆ ಮತ್ತೊಮ್ಮೆ ಹಚ್ಚಿದೆವು. ಈ ಆಮ್ಲ ವಿಷಕಾರಿ. ಕೈಗವಸು, ಕನ್ನಡಕ ಕಡ್ಡಾಯ. ಒಣಗಿದ ಹರಳುಗಳು ಧೂಳಾಗಿ ಮೂಗು ಸೇರದಂತೆ, ಉಜ್ಜುವ ಮುನ್ನ ನೀರಿನಲ್ಲಿ ಮತ್ತೆ ಮತ್ತೆ ಒರೆಸಿ ತೆಗೆಯಲೇಬೇಕು. ಕಪ್ಪು ಉಂಗುರ ಗುರುತು ಹಿಡಿಯಲಾಗದಷ್ಟು ತಿಳಿಯಾಯಿತು. ಪಕ್ಕದ ಎಣ್ಣೆಕಲೆಗೆ ಆಕ್ಸಾಲಿಕ್ ಆಮ್ಲದಿಂದ ಏನೂ ಆಗುವುದಿಲ್ಲ, ಟರ್ಪೆಂಟೈನ್‌ಗೂ ಅದು ಪೂರ್ತಿ ಬಿಡಲಿಲ್ಲ. ಅದನ್ನು ಹಾಗೆಯೇ ಬಿಟ್ಟೆವು. ಒಂದು ಮಬ್ಬು ಕಲೆಗಾಗಿ ಇಡೀ ಹಲಗೆಯ ಒಂದೆರಡು ಮಿಲಿಮೀಟರ್ ಮರವನ್ನು ಹೆರೆಯುವುದು ನನಗೆ ಸರಿ ಕಾಣಲಿಲ್ಲ, ಬಣ್ಣ ಹಚ್ಚಿ ಮುಚ್ಚುವ ಸಲಹೆಯನ್ನು ಕೊಂಡವರೇ ತಳ್ಳಿಹಾಕಿದರು.

ಪೂರ್ತಿ ಒಣಗಿದ ಬಳಿಕ 120, 150, 180, ಕೊನೆಗೆ 220 ನಂಬರಿನ ಉಪ್ಪುಕಾಗದದಿಂದ, ಯಾವಾಗಲೂ ಎಳೆಯ ಗುಂಟವೇ ಉಜ್ಜಿದೆವು. 220ಕ್ಕಿಂತ ನುಣುಪಾಗಿಸಿದರೆ ವಾರ್ನಿಷ್‌ಗೆ ಹಿಡಿತ ಕಡಿಮೆಯಾಗುತ್ತದೆ, ಲಾಭವೇನೂ ಇಲ್ಲ. ದೀಪವನ್ನು ಹಲಗೆಯ ಮಟ್ಟಕ್ಕೇ ಇಟ್ಟು ಅಡ್ಡಬೆಳಕಿನಲ್ಲಿ ನೋಡಿದಾಗ, ಮೇಲಿನಿಂದ ಕಾಣದಿದ್ದ ಅಡ್ಡಗೀರುಗಳು ತುದಿಯ ಬಳಿ ಕಂಡವು; ಅವನ್ನು ಈ ಹಂತದಲ್ಲೇ ತೆಗೆಯಬೇಕು, ಏಕೆಂದರೆ ವಾರ್ನಿಷ್ ಬಿದ್ದೊಡನೆ ಅವು ಇನ್ನೂ ಎದ್ದು ಕಾಣುತ್ತವೆ.

ಮೇಲ್ಹಲಗೆಯನ್ನು ಬಿಚ್ಚಿದಾಗ ಇನ್ನೊಂದು ವಿಷಯ ಗಮನಕ್ಕೆ ಬಂತು. ಅದನ್ನು ಚೌಕಟ್ಟಿಗೆ ದುಂಡನೆಯ, ಬಿಗಿಯಾದ ತೂತುಗಳ ಮೂಲಕ ಸ್ಕ್ರೂ ಹಾಕಿ ಕೂರಿಸಿದ್ದರು. ಮರ ಉದ್ದಕ್ಕೆ ಹಿಗ್ಗುವುದು ನಗಣ್ಯ, ಆದರೆ ಎಳೆಗೆ ಅಡ್ಡಲಾಗಿ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. 90 ಸೆಂಟಿಮೀಟರ್ ಅಗಲದ ತೇಗದ ಹಲಗೆ ಒಣ ಮತ್ತು ತೇವದ ತಿಂಗಳುಗಳ ನಡುವೆ ಕೆಲವು ಮಿಲಿಮೀಟರ್ ಅತ್ತಿತ್ತ ಆಗುವುದು ಸಹಜ. ಯಾವ ವಾರ್ನಿಷ್ ಕೂಡ ಇದನ್ನು ನಿಲ್ಲಿಸಲಾರದು, ನಿಧಾನಗೊಳಿಸಬಲ್ಲದು ಅಷ್ಟೆ. ಆದ್ದರಿಂದ ಚೌಕಟ್ಟಿನ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದು, ಸ್ಕ್ರೂ ಸರಿದಾಡಲು ಎಡೆ ಮಾಡಿಕೊಟ್ಟೆವು.

ಹಚ್ಚಿದ ಕ್ರಮ

ಎಷ್ಟು ಒರೆಸಿದರೂ ಮರದ ರಂಧ್ರಗಳಲ್ಲಿ ಸಿಲಿಕೋನ್ ಸ್ವಲ್ಪವಾದರೂ ಉಳಿದಿರುತ್ತದೆ ಎಂದೇ ಲೆಕ್ಕ ಹಾಕಬೇಕು. ಅದನ್ನು ಒಳಗೇ ಬಂಧಿಸಲು ಮೊದಲ ಪದರವಾಗಿ ಹಾಕಿದ್ದು ಅರಗನ್ನೇ, ಆದರೆ ಮೇಣ ತೆಗೆದದ್ದನ್ನು. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ ಅರಗಿನ ಹಾಳೆ ಕರಗಿಸಿದ ತೆಳು ದ್ರಾವಣ ಅದು. ಮೇಣ ತೆಗೆದ ಅರಗು ಸಿಗದಿದ್ದರೆ ಸಾಧಾರಣ ಅರಗನ್ನು ಕರಗಿಸಿ ಅಲುಗಿಸದೆ ಇಟ್ಟು, ಮೇಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಬಹುದು. ಸ್ಪಿರಿಟ್ ಬೇಗ ಆರುವುದರಿಂದ ಈ ಪದರ ಸಿಲಿಕೋನ್‌ನ ಮೇಲೂ ಬಹುಮಟ್ಟಿಗೆ ಸಮವಾಗಿ ಕೂರುತ್ತದೆ. ತೇಗದ ಸಹಜ ಎಣ್ಣೆಯಂಶವನ್ನೂ ಅದೇ ತಡೆಯುತ್ತದೆ. ಒಣಗಿದ ನಂತರ 320 ನಂಬರಿನ ಕಾಗದದಿಂದ ಒಮ್ಮೆ ಸವರಿ, ಹಲಗೆಯ ಕೆಳಭಾಗದಲ್ಲಿ ಅಂಗೈಯಗಲ ಜಾಗಕ್ಕೂ ಇದೇ ಅರಗು, ಇದೇ ವಾರ್ನಿಷ್ ಹಚ್ಚಿ ಗಟ್ಟಿಯಾಗಲು ಬಿಟ್ಟೆವು. ಅದರ ಮೇಲೆ ಬ್ಲೇಡಿನಿಂದ ಚೌಕುಳಿಯಾಗಿ ಗೀರಿ, ಅಂಟುಪಟ್ಟಿ ಒತ್ತಿ ಒಮ್ಮೆಲೇ ಎಳೆದಾಗ ಒಂದು ಚೌಕವೂ ಏಳಲಿಲ್ಲ. ಮೇಲ್ಮೈಗೆ ವಾರ್ನಿಷ್ ಹಚ್ಚತೊಡಗಿದ್ದು ಆಮೇಲೆಯೇ.

ವಾರ್ನಿಷ್ ಹಚ್ಚುವುದು ಅಷ್ಟೇನೂ ಬರೆಯಬೇಕಾದ ಸಂಗತಿಯಲ್ಲ. ಮೊದಲ ಕೋಟನ್ನು ಟರ್ಪೆಂಟೈನ್ ಬೆರೆಸಿ ತೆಳುವಾಗಿಯೂ, ಮುಂದಿನವನ್ನು ಹಾಗೆಯೇ ಹಚ್ಚಿ ಮೇಲ್ಮೈಗೆ ಒಟ್ಟು ಮೂರು ಕೋಟ್ ಕೊಟ್ಟೆವು. ಒಂದು ಲೀಟರ್ ಸಾಮಾನ್ಯವಾಗಿ 10ರಿಂದ 12 ಚದರ ಮೀಟರಿಗೆ ಸಾಲುವುದರಿಂದ, ಇಷ್ಟಗಲದ ಹಲಗೆಗೆ ಒಂದು ಕೋಟ್‌ಗೆ 130 ಮಿಲಿಲೀಟರ್ ಆಸುಪಾಸು ಸಾಕು. ಅದಕ್ಕಿಂತ ಬಹಳ ಹೆಚ್ಚು ಖರ್ಚಾಗುತ್ತಿದ್ದರೆ ಪದರ ದಪ್ಪವಾಗುತ್ತಿದೆ ಎಂದರ್ಥ. ದಪ್ಪ ಪದರದ ಮೇಲ್ಭಾಗ ಮೊದಲು ಕೆನೆಗಟ್ಟಿ, ಒಳಗೆ ಗಾಳಿಯಾಡದೆ ಹಸಿಯಾಗಿಯೇ ಉಳಿದು ಸುಕ್ಕುಗಟ್ಟುತ್ತದೆ. ಸ್ಯಾಟಿನ್ ಡಬ್ಬಿಯನ್ನು ಅಲುಗಾಡಿಸದೆ, ತಳಕ್ಕೆ ಇಳಿದ, ಹೊಳಪು ತಗ್ಗಿಸುವ ಪುಡಿ ಮೇಲೆ ಬರುವಂತೆ ಕಡ್ಡಿಯಿಂದ ನಿಧಾನವಾಗಿ ಕಲಕಬೇಕು. ಅಲುಗಿಸಿದರೆ ಗುಳ್ಳೆ, ಕಲಕದಿದ್ದರೆ ಒಂದು ಕಡೆ ಹೊಳಪು ಇನ್ನೊಂದು ಕಡೆ ಮಂಕು. ಕೋಟ್‌ಗಳ ನಡುವೆ ಒಂದು ರಾತ್ರಿಗಿಂತ ಹೆಚ್ಚು ಬಿಟ್ಟು, 320ರ ಕಾಗದದಲ್ಲಿ ಉಜ್ಜಿದಾಗ ಬಿಳಿ ಪುಡಿ ಉದುರಿದರೆ ಮಾತ್ರ ಮುಂದಿನದ್ದಕ್ಕೆ ಹೋದೆವು. ಕಾಗದಕ್ಕೆ ಮೆತ್ತಿಕೊಂಡರೆ ಅದಿನ್ನೂ ಒಣಗಿಲ್ಲ. ಹಲಗೆಯ ಕೆಳಭಾಗಕ್ಕೂ ಅರಗಿನ ಮೇಲೆ ಒಂದು ಕೋಟ್ ಕೊಟ್ಟೆವು, ಒಂದೇ ಕಡೆಯಿಂದ ತೇವ ಒಳಹೊಕ್ಕು ಹಲಗೆ ಬಾಗದಿರಲೆಂದು. ತುದಿಯ ಅಂಚುಗಳಿಗೆ ಮಾತ್ರ ಒಂದು ಕೋಟ್ ಹೆಚ್ಚು, ಏಕೆಂದರೆ ಮರ ತೇವವನ್ನು ಅತಿ ವೇಗವಾಗಿ ಹೀರುವುದೂ ಬಿಡುವುದೂ ಅಲ್ಲಿಂದಲೇ.

ಒರೆಸಿದ ಚಿಂದಿಗಳ ಬಗ್ಗೆ ಒಂದು ಎಚ್ಚರಿಕೆ. ಎಣ್ಣೆ ಆಧಾರಿತ ವಾರ್ನಿಷ್, ಅದಕ್ಕಿಂತ ಹೆಚ್ಚಾಗಿ ಅಗಸೆ ಎಣ್ಣೆ, ಆಮ್ಲಜನಕ ಹೀರುವಾಗ ಶಾಖ ಬಿಡುತ್ತದೆ. ಚಿಂದಿಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದರೆ ಶಾಖ ಹೊರಹೋಗಲಾರದೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಲ್ಲದು. ಅವನ್ನು ಹೊರಗೆ ಬಿಡಿಬಿಡಿಯಾಗಿ ಹರಡಿ ಗಟ್ಟಿಯಾಗುವವರೆಗೆ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬದಲ್ಲಿ ಇಡಬೇಕು.

ಬಳಕೆಗೆ ಬಿಟ್ಟ ಮೇಲೆ

ಮುಟ್ಟಿದರೆ ಒಣಗಿದೆ ಎನ್ನಿಸುವುದಕ್ಕೂ ಪೂರ್ತಿ ಗಟ್ಟಿಯಾಗುವುದಕ್ಕೂ ಬಹಳ ಅಂತರವಿದೆ. ಎಣ್ಣೆ ಆಧಾರಿತ ಪಾಲಿಯುರೆಥೇನ್‌ಗೆ ಸುಮಾರು 30 ದಿನ ಹಿಡಿಯುತ್ತದೆ. ಕೆಲವು ದಿನಗಳ ನಂತರ ಜೋಪಾನವಾಗಿ ಬಳಸಲು ಹೇಳಿ, ತಿಂಗಳು ತುಂಬುವವರೆಗೆ ಮೇಲೆ ಹೊದಿಕೆ ಹಾಸಬಾರದು, ಬಿಸಿ ಪಾತ್ರೆ ಇಡಬಾರದು ಎಂದು ತಿಳಿಸಿದ್ದೆವು. ಮೆತ್ತನೆಯ ಪಿವಿಸಿ ಹಾಸುಗಳನ್ನು ಆಮೇಲೂ ಬಳಸದಿರುವುದೇ ಒಳ್ಳೆಯದು, ಅವುಗಳಲ್ಲಿ ಮೆದುತನಕ್ಕೆಂದು ಸೇರಿಸಿದ ರಾಸಾಯನಿಕ ನಿಧಾನವಾಗಿ ಲೇಪನಕ್ಕೆ ಇಳಿದು ಅದನ್ನೂ ಮೆತ್ತಗೆ ಮಾಡುತ್ತದೆ. ದಿನನಿತ್ಯ ಒರೆಸಲು ಹಿಂಡಿದ ಒದ್ದೆ ಬಟ್ಟೆ ಸಾಕು. ಸಿಂಪಡಿಸುವ ಹೊಳಪಿನ ಪಾಲಿಶ್ ಆ ಮನೆಗೆ ಮತ್ತೆ ಬರಲಿಲ್ಲ.

ಒಂದು ತೇವದ ಕಾಲ ಮತ್ತು ಅದರ ಮುಂದಿನ ಒಣ ಕಾಲ ಕಳೆದ ಮೇಲೆ ಮೇಜನ್ನು ನೋಡಿ ಬಂದೆವು. ಹೊಸ ಬಿಳಿ ಉಂಗುರಗಳಿಲ್ಲ, ಮುಂಗೈ ತಾಗುವ ಅಂಚು ಗಟ್ಟಿಯಾಗಿಯೇ ಇದೆ, ಮಕ್ಕಳ ಕಡೆ ಕೆಲವು ಸಣ್ಣ ಗೀರುಗಳಿವೆ. ಒಂದು ತುದಿಯಲ್ಲಿ ಮಾತ್ರ ಎರಡು ಪಟ್ಟಿಗಳ ಅಂಟಿನ ಸಂದಿಯ ಗುಂಟ ಗೇಣುದ್ದದ, ಕೂದಲೆಳೆಯಂಥ ಸೀಳು ವಾರ್ನಿಷ್‌ನಲ್ಲಿ ಕಾಣಿಸಿಕೊಂಡಿದೆ. ಸ್ಕ್ರೂಗಳು ಬಿಗಿಯಾಗಿದ್ದ ಕಾಲದಲ್ಲೇ ಆ ಸಂದಿ ಸಡಿಲಗೊಂಡಿರುವ ಸಾಧ್ಯತೆ ಇದೆ. ಒಣ ಗಾಳಿಗೆ ತುದಿ ಮೊದಲು ಕುಗ್ಗಿದಾಗ ಅದು ತೆರೆದುಕೊಂಡಿದೆ. ಅದಕ್ಕೆ ಪುಟ್ಟಿ ತುಂಬಿಸಿಬಿಡಿ ಎಂದು ಕೊಂಡವರು ಕೇಳಿದರು. ನಾವು ಒಪ್ಪಲಿಲ್ಲ. ತೇವದ ಕಾಲದಲ್ಲಿ ಹಲಗೆ ಹಿಗ್ಗಿದಾಗ ತುಂಬಿದ ಪುಟ್ಟಿಯನ್ನು ಸಂದಿ ಹೊರದಬ್ಬುತ್ತದೆ, ಇಲ್ಲವೇ ಸೀಳು ಇನ್ನಷ್ಟು ಮುಂದೆ ಓಡುತ್ತದೆ. ಸೀಳಿನ ಕೊನೆ ಎಲ್ಲಿದೆಯೆಂದು ಹಲಗೆಯ ಕೆಳಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇವೆ. ತೇವದ ತಿಂಗಳುಗಳಲ್ಲಿ ಅದು ತಾನಾಗಿ ಮುಚ್ಚಿಕೊಂಡರೆ, ಆ ಅಂಚನ್ನು ಉಜ್ಜಿ ಇನ್ನೊಂದು ತೆಳು ಕೋಟ್ ಕೊಡುವುದು. ಆಗಲೂ ತೆರೆದೇ ಇದ್ದರೆ ಅಥವಾ ಗುರುತನ್ನು ದಾಟಿ ಮುಂದೆ ಹೋಗಿದ್ದರೆ, ಸಂದಿಯನ್ನು ಬಿಡಿಸಿ ಹಳೆಯ ಅಂಟು ಕೆರೆದು ಹೊಸದಾಗಿ ಅಂಟಿಸುವುದು. ಅಲ್ಲಿಯವರೆಗೆ ಆ ತುದಿಯಲ್ಲಿ ನೀರು ನಿಲ್ಲಲು ಬಿಡಬಾರದು, ಸೀಳಿಗೆ ಮೇಣವನ್ನೂ ತಿಕ್ಕಬಾರದು ಎಂದು ಹೇಳಿದ್ದೇವೆ, ಏಕೆಂದರೆ ಮೇಣ ಹೊಕ್ಕ ಸಂದಿಗೆ ಮುಂದೆ ಅಂಟು ಹಿಡಿಯುವುದಿಲ್ಲ.